ಕೆಳಗೆ ಉಳಿದ ಕೊಳವೆ

ನಾನಂದ್ರೆ ಇಷ್ಟಾನಾ ಅಂತ ಹುಡುಗ ಕೇಳಿದರೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ನಾಚಿಕೊಂಡು ಓಡಿಯೂ ಹೋಗಬಹುದು. ಹ್ಯಾಡ್ಲಿ ಇದ್ಯಾವುದನ್ನೂ ಮಾಡಲಿಲ್ಲ. "ನಂಗೇನೂ ಅನ್ನಿಸ್ತಿಲ್ಲ" ಅಂದಳು, ಊಟ ಆಯ್ತು ಅನ್ನುವಷ್ಟೇ ಸಲೀಸಾಗಿ. ಕೇಳಿದ್ದ ವಿಲಿಯಾಮಿ ಅದನ್ನು ಇಲ್ಲ ಎಂದೇ ತಿಳಿದ.

ಪಾಪ, ಅವಳು ಹೇಳಿದ್ದು ನಿಜ. ಚಳಿಗಾಲದಲ್ಲಿ ಅಮ್ಮ ತೀರಿಕೊಂಡಾಗಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಬರಲಿಲ್ಲ. ಐಸ್‌ಕ್ರೀಮ್ ರುಚಿಸಲಿಲ್ಲ. ಗೆಳತಿಯರು ಬಂದು ತಬ್ಬಿಕೊಂಡರೆ ಸುಮ್ಮನೆ ನಿಂತಿರುತ್ತಿದ್ದಳು.

ಅಮ್ಮ ಕೆಲಸ ಮಾಡುತ್ತಿದ್ದುದು ಉಪ್ಪುಸರೋವರದ ಸೀಗಡಿ ಮೊಟ್ಟೆ ಒಣಗಿಸುವ ಕಾರ್ಖಾನೆಯಲ್ಲಿ. ಅವಳು ತಂದಿಟ್ಟ ಕಡೆಯ ಡಬ್ಬಿಯ ಮೊಟ್ಟೆಗಳಿಂದಲೇ ಊರ ಲೈಬ್ರರಿಯ ವಿಜ್ಞಾನ ಕ್ಲಬ್‌ನಲ್ಲಿ ಹ್ಯಾಡ್ಲಿ, ವಿಲಿಯಾಮಿ ಇಬ್ಬರೂ ಪ್ರಯೋಗ ಕಟ್ಟಿದ್ದರು. ಒಣಗಿದ ಮೊಟ್ಟೆಗೆ ಬಾಹ್ಯಾಕಾಶದಲ್ಲಿ ಉಪ್ಪುನೀರು ಸೋಕಿದರೆ ಮರಿ ಎದ್ದು ಬರುತ್ತದೆಯೇ? ಒಂದು ಕೊಳವೆ ರಾಕೆಟ್ ಹತ್ತಿತು, ಅದರ ಜೋಡಿ ಲೈಬ್ರರಿಯಲ್ಲೇ ಉಳಿಯಿತು. ಮೇಲೆ ಗಗನಯಾತ್ರಿ ಕೊಳವೆಯಲ್ಲಿ ಮೊಟ್ಟೆಗೂ ನೀರಿಗೂ ನಡುವೆ ಹಾಕಿದ ಕ್ಲಿಪ್ ತೆಗೆದು, ನೀರು ಬೆರೆಸಿ ಅಲುಗಾಡಿಸುವ ಹೊತ್ತಿಗೇ ಕೆಳಗೂ ಹಾಗೇ ಮಾಡಬೇಕು. ಒಬ್ಬರು ಗಡಿಯಾರ ನೋಡಬೇಕು, ಇನ್ನೊಬ್ಬರು ಕೊಳವೆ ಹಿಡಿಯಬೇಕು.

ನೀರು ಬೆರೆಸುವ ದಿನ ಬೆಳಿಗ್ಗೆ ಕ್ಲಬ್ ಟೀಚರ್ ಓಕ್ಡೆನ್ ಹ್ಯಾಡ್ಲಿಯನ್ನು ಬಾಗಿಲಲ್ಲೇ ತಡೆದರು. "ವಿಲಿಯಾಮಿ ಬೇರೆ ಟೀಮ್ ಕೇಳಿದಾನಮ್ಮ. ನಿನ್ನ ಜೊತೆ ಇವತ್ತೊಂದೇ ದಿನ."

ಒಳಗೆ ಅವನು ಗಡಿಯಾರ ನೋಡುತ್ತ ಕೂತಿದ್ದ. ಇವಳ ಕಡೆ ತಿರುಗಲಿಲ್ಲ.

"ಆಲೂಗಡ್ಡೆ ಬೆಳೆಸೋ ಟೀಮಿಗಾ?" ಅಂದಳು.

"ಹೂಂ. ಅವಾದ್ರೂ ಮೊಳಕೆ ಒಡೀತವೆ."

"ನನ್ನನ್ನ ಒಣ ಮೊಟ್ಟೆ ಅಂದ್ರೆ ನೋಡು ಮತ್ತೆ."

"ನಾನೆಲ್ಲಿ ಅಂದೆ? ನೀನೇ ಅಂದ್ಕೊಂಡೆ." ಅವನ ತುಟಿಯಂಚಿಗೆ ನಗು ಬಂತು. ಮುನಿಸಿಕೊಂಡಿರುವುದು ನೆನಪಾಗಿ ವಾಪಸು ಹೋಯಿತು. "ರೆಡೀನಾ? ಹಾಂ, ಈಗ."

ಹ್ಯಾಡ್ಲಿ ಕ್ಲಿಪ್ ತೆಗೆದಳು. ಅಮ್ಮ ತಂದ ಮೊಟ್ಟೆಗಳೊಳಗೆ ನೀರು ಇಳಿಯಿತು. ಮೆಲ್ಲಗೆ ಅಲುಗಾಡಿಸತೊಡಗಿದಳು.

"ಸಾಕು," ಅಂದ ವಿಲಿಯಾಮಿ.

ಕೈ ನಿಲ್ಲಲಿಲ್ಲ.

"ಸಾಕು ಕಣೇ ಹ್ಯಾಡ್ಲಿ! ಮೇಲೆ ನಿಲ್ಲಿಸಿರ್ತಾರೆ." ಎದ್ದು ಬಂದು ಅವಳ ಮಣಿಕಟ್ಟು ಹಿಡಿದ. ಅಂಗೈ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು, ಅಷ್ಟೇ. ಅವನು ಕೈ ತೆಗೆದಾಗ ಆ ಜಾಗ ತಣ್ಣಗಾಯಿತು. ಅದು ಮಾತ್ರ ಅವಳಿಗೆ ಹಿಡಿಸಲಿಲ್ಲ.

"ಆ ಟೀಮಿಗೆ ಹೋಗ್ಬೇಡ."

"ಯಾಕೆ? ನಿಂಗೇನೂ ಅನ್ಸಲ್ವಲ್ಲ."

"ಅನ್ಸಲ್ಲ. ನೀನು ಅಂತಲ್ಲ, ಯಾವ್ದೂ ಅನ್ಸಲ್ಲ. ಅಮ್ಮ ಹೋದಾಗ್ಲೂ ನಾನು ಅಳ್ಲಿಲ್ಲ, ಗೊತ್ತಾ?" ಅವಳು ಕೊಳವೆಯನ್ನೇ ನೋಡುತ್ತಿದ್ದಳು. "ಆದ್ರೆ ಯಾವತ್ತಾದ್ರೂ ಏನಾದ್ರೂ ಅನ್ಸಿದ್ರೆ, ಆವಾಗ ನೀನು ಪಕ್ಕದಲ್ಲಿರ್ಬೇಕು ಅಂತ ಆಸೆ."

ವಿಲಿಯಾಮಿ ಅವಳ ಮುಖವನ್ನೇ ನೋಡಿದ.

"ಆಸೆ ಅಂದ್ಯಾ?"

"ಹೂಂ."

"ಅದು ಅನ್ಸೋದಲ್ದೆ ಇನ್ನೇನೇ, ಪೆದ್ದಿ?"

ಅವನು ಬಾಗಿಲ ಕಡೆ ತಿರುಗಿ, "ಟೀಚರ್, ಆಲೂಗಡ್ಡೆ ಬೇಡ ನಂಗೆ!" ಎಂದು ಲೈಬ್ರರಿಯೆಲ್ಲ ಕೇಳುವಂತೆ ಕೂಗಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ಮರಿ ಏಳೋಕೆ ನಾಳೆ ಆಗುತ್ತೆ," ಎಂದಳು ಹ್ಯಾಡ್ಲಿ.

"ಆಗ್ಲಿ ಬಿಡು. ನಂಗೇನು ಅವಸರ?"

ಅವಳು ಏನೋ ಹೇಳಲು ಬಾಯಿ ತೆರೆದಳು. ತುಟಿಗೆ ಉಪ್ಪು ತಾಗಿತು. ತಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಆಗಲೇ.