ಭತ್ತದ ಮೇಲೆ ಬ್ರೇಕ್

ಧಡ್!

ನನ್ನ ಜೀಪಿನ ಬಂಪರ್ ಕಿತ್ತುಬಂತು. ರಿವರ್ಸ್ ಬಂದು ಗುದ್ದಿದ ಕರಿ ಎಸ್‌ಯುವಿ ಮತ್ತೆ ದೇವದುರ್ಗದ ದಿಕ್ಕಿಗೆ ಹಾರಿತು!

ನಾನು ಮಲ್ಲೇಶ್ವರಿ. ಕಳುವಾದ ಗಾಡಿ ಹುಡುಕಿಕೊಡುವುದು ರಾಯಚೂರಿನಲ್ಲಿ ನನ್ನ ದಂಧೆ. ಈ ಸಲ ಗಾಡಿಯ ಜೊತೆ ಒಬ್ಬ ಮುದುಕಿಯೂ ಕಳುವಾಗಿದ್ದಳು... ವೀರಭದ್ರಮ್ಮ!

ಮಗ ಚನ್ನವೀರ ರೈಸ್ ಮಿಲ್ಲಿನ ಸಾಹುಕಾರ. ಮಾನ್ವಿಯಲ್ಲಿ ಅವ್ವನಿಗೆಂದು ಎಂಜಿನ್ ಆರಿಸದೆ ಎಸಿ ಹಾಕಿಟ್ಟು, ಮಿರ್ಚಿ ತರಲು ಇಳಿದಿದ್ದ. ಕಳ್ಳನಿಗೆ ಅಷ್ಟು ಸಾಕಾಯಿತು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ; ಸಾಹುಕಾರ ನನ್ನ ಜೀಪು ಹತ್ತಿಬಿಟ್ಟ. ಈಗ ಅವನ ಫೋನಿನ ಸ್ಪೀಕರಿನಲ್ಲಿ ಅವ್ವ.

"ಅವ್ವಾ! ಗಾಡಿಗೆ ಏನೂ ಆಗಿಲ್ಲಲ್ಲ?"

"ನಾ ಜೀವಂತ ಅದೀನಿ, ಮಾರಾಯಾ! ಈ ಭಾಡ್ಯಾ ಚಾಕು ತೋರಿಸಿ ಫೋನ್ ಕೊಡು ಅನ್ನಾಕತ್ತಾನ. ನಾ ಕೊಡಂಗಿಲ್ಲ!"

ಕಳ್ಳ ಗಾಡಿಯನ್ನು ಕಾಲುವೆ ಪಕ್ಕದ ಕೆಸರಿಗೆ ಇಳಿಸಿದ. ಸಿಕ್ಕಿಬಿದ್ದ ಎಂದುಕೊಂಡೆ. ಮುಂದಿನ ಗಾಲಿಗಳು ಗಿರಗಿರ ತಿರುಗಿದವು... ಹಿಂದಿನವು ನೆಲ ಕಚ್ಚಿದವು... ಗಾಡಿ ಹೊರಗೆ!

ಚನ್ನವೀರ ಚಪ್ಪಾಳೆ ತಟ್ಟಿದ!

"ನೋಡಿದ್ರೇನ್ರಿ? ಆಲ್ ವೀಲ್ ಡ್ರೈವ್! ಮುಂದಿನ ಗಾಲಿ ಜಾರಿದ್ರ ಕಂಪ್ಯೂಟರ್ ಶಕ್ತೀನ ಹಿಂದಕ್ಕ ಕಳಸತದ. ಒಂದು ಗಾಲಿ ಸುಮ್ನ ತಿರುಗಿದ್ರ ಅದನ್ನ ಹಿಡಿದು, ಆಕಡಿ ಗಾಲಿಗೆ ಕೊಡತದ!"

"ಸಾವಕಾರ್ರೇ, ಒಳಗ ನಿಮ್ಮವ್ವ ಅದಾರ್ರಿ!"

"ಅದು ಎಲ್ಲೂ ನಿಲ್ಲಂಗಿಲ್ಲ ಮೇಡಂ!"

ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ತಲೆಯಲ್ಲಿ ಒಂದು ದೀಪವೂ ಹತ್ತಿತು. ಎಳೆಯುವುದಕ್ಕೆ ನಾಲ್ಕು ಗಾಲಿ ಸರಿ. ನಿಲ್ಲುವುದಕ್ಕೆ? ನನ್ನ ಹಳೇ ಜೀಪಿನ ನಾಲ್ಕು ಗಾಲಿಗೂ ಬ್ರೇಕ್ ಇದೆ, ಅದರಲ್ಲಿ ಆ ಗಾಡಿಯದೇನೂ ಹೆಚ್ಚಿಲ್ಲ! ಜಾರುವ ಕಡೆ ಕಳ್ಳ ಬ್ರೇಕ್ ತುಳಿಯಬೇಕು, ಅಷ್ಟೇ.

ಸಿರವಾರ ದಾಟಿದ ಮೇಲೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ನಾನು ಪಕ್ಕಕ್ಕೆ ನುಗ್ಗಿ ಅವನನ್ನು ಆ ಕಡೆಗೆ ಒತ್ತಿ, ಫೋನಿಗೆ ಕೂಗಿದೆ.

"ಯವ್ವಾ, ಬೆಲ್ಟ್ ಹಾಕ್ಕೊಂಡೀರಿಲ್ಲ? ಮುಂದ ಭತ್ತ ಅದ... ಒದರ್ರಿ!"

"ಲೇ! ಲಕ್ಷ್ಮಿ ಮ್ಯಾಲ ಗಾಲಿ ಹತ್ತಸ್ತೀಯೇನೋ? ನೀ ಅನ್ನ ತಿನ್ನಂಗಿಲ್ಲೇನು?"

ಭತ್ತ ತುಳಿದುಕೊಂಡು ಹೋಗಿದ್ದರೆ ಕಳ್ಳ ಪಾರಾಗುತ್ತಿದ್ದ. ಆದರೆ ಚಾಕು ಹಿಡಿದವನೂ ಈ ಸೀಮೆಯವನೇ... ಕಾಲು ತಾನಾಗಿ ಬ್ರೇಕಿಗೆ ಹೋಯಿತು!

ಸರ್ರ್...

ಕಾಳಿನ ಮೇಲೆ ಜಾರಿದ ಗಾಡಿ ಪಕ್ಕದ ಗದ್ದೆಯ ಬದುವಿನ ಮೇಲೆ ಹೊಟ್ಟೆ ಊರಿ ಕೂತಿತು. ನಾಲ್ಕೂ ಗಾಲಿ ಗಾಳಿಯಲ್ಲಿ! ಕಂಪ್ಯೂಟರ್ ಶಕ್ತಿಯನ್ನು ಯಾವ ಗಾಲಿಗೆ ಕಳಿಸಿದರೂ ಕಚ್ಚಲು ನೆಲವಿಲ್ಲ.

ಕಳ್ಳ ಚಾಕು ಬೀಸುತ್ತಾ ಇಳಿದ. ನಾನು ಅವನ ಮಣಿಕಟ್ಟು ತಿರುಚಿದೆ. ಚಾಕು ಬಿತ್ತು... ಅವನೂ ಬಿದ್ದ!

ಅವ್ವ ಇಳಿದಳು. ಮೈಮೇಲೆ ಒಂದು ಗೀರೂ ಇಲ್ಲ. ನನಗೆ ಹೋದ ಜೀವ ಬಂತು. ಮಗ ಓಡಿದ... ಬಾನೆಟ್ ಸವರಲು!

ಅವ್ವ ಅದನ್ನು ನೋಡಿದಳು. ನೆಟ್ಟಗೆ ಬಂದು ನನ್ನ ಜೀಪು ಹತ್ತಿ ಕೂತಳು.

"ನಡಿಯವ್ವಾ."

"ಅವ್ವಾ, ನಾನು?"

"ನೀ ಅದರ ಹತ್ರನ ಕುಂದ್ರು. ಯಾರರ ಹೊಡಕೊಂಡು ಹೋದಾರು!"

ಹಗ್ಗದಿಂದ ಕೈ ಕಟ್ಟಿದ ಕಳ್ಳನಿಗೆ ನನ್ನ ಜೀಪಿನಲ್ಲಿ ಜಾಗವಿತ್ತು... ಸಾಹುಕಾರನಿಗೆ ಇರಲಿಲ್ಲ!