ಮಸಿರಾಯ ಮತ್ತು ಬಿಳಿಯ ಓಣಿ

ಬಹಳ ಬಹಳ ಕಾಲದ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರು ಇನ್ನೂ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದಾಗ, ಮೂಡಣ ಕಡಲ ದಂಡೆಯಲ್ಲಿ ಸಂಪಂಗಿನಾಡು ಎಂಬ ರಾಜ್ಯವಿತ್ತು. ಅದನ್ನು ಧವಳಕೀರ್ತಿ ಎಂಬ ರಾಜ ಆಳುತ್ತಿದ್ದ. ಅವನಿಗೆ ಮಂದಾರೆ ಎಂಬ ಮಗಳೂ ಮಕರಂದ ಎಂಬ ಮಗನೂ ಇದ್ದರು. ಅಕ್ಕ ತಮ್ಮ ಇಬ್ಬರಿಗೂ ಊಟ ತಪ್ಪಿದರೆ ಚಿಂತೆಯಿಲ್ಲ, ಚಿತ್ರಕತೆ ಮಾತ್ರ ತಪ್ಪಬಾರದು.

ಚಿತ್ರಕತೆ ಎಂದರೆ ಅಂತಿಂಥ ಚಿತ್ರಕತೆಯಲ್ಲ. ಅವು ಕಡಲಾಚೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಒಂದು ನಾಡಿನವರು ಅದನ್ನು ಮಾಂಗಾ ಎಂದು ಕರೆದು ಪುಸ್ತಕವಾಗಿ ಹೊಲಿದು ಕಳಿಸುತ್ತಿದ್ದರು. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಪಕ್ಕದ ನಾಡಿನವರು ಮಾನ್ಹ್ವಾ ಎಂದು ಕರೆದು ಉದ್ದನೆಯ ಸುರುಳಿಯಾಗಿ ಸುತ್ತಿ ಕಳಿಸುತ್ತಿದ್ದರು. ಅದನ್ನು ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಓದಬೇಕು. ಎರಡರಲ್ಲೂ ದೆವ್ವಗಳು, ಮಾಟಗಾರರು, ಮಾತಾಡುವ ಮೃಗಗಳು. ಮಂತ್ರಿ ಒಮ್ಮೆ ಕದ್ದುಮುಚ್ಚಿ ಒಂದು ಮಾಂಗಾವನ್ನು ಎಡಗಡೆಯಿಂದ ಓದಿದ. ಸತ್ತವರೆಲ್ಲ ಎದ್ದು, ಹಿಂದಕ್ಕೆ ಹಿಂದಕ್ಕೆ ನಡೆದು, ಮನೆಗೆ ಹೋಗಿ ಊಟಕ್ಕೆ ಕೂತದ್ದನ್ನು ಕಂಡು ವಾರವಿಡೀ ಜ್ವರ ಹಿಡಿದು ಮಲಗಿದ. ಅವನಿಗೆ ಯಾರೂ ಓದುವ ಕ್ರಮ ಹೇಳಿಕೊಡಲಿಲ್ಲ, ಅಷ್ಟು ನಗು ಬಂದಿತ್ತು ಎಲ್ಲರಿಗೂ.

ಅಕ್ಕ ತಮ್ಮ ಇಬ್ಬರೂ ಜೀವ ಇಟ್ಟುಕೊಂಡಿದ್ದ ಕತೆಯೆಂದರೆ ಮಸಿಕೋಟೆ. ಎರಡೂ ನಾಡಿನ ಚಿತ್ರಕಾರರು ಸೇರಿ ಬರೆದ ಕತೆ ಅದು. ಮೊದಲ ಸಂಪುಟ ಪುಸ್ತಕವಾಗಿ ಬಂತು, ಮರುವರ್ಷ ಎರಡನೆಯದು ಸುರುಳಿಯಾಗಿ ಬಂತು. ಮೈಯೆಲ್ಲ ಮಸಿಯೇ ಆದ ಮಸಿರಾಯ ಎಂಬ ಮಾಟಗಾರ ಅದರಲ್ಲಿ ಊರೂರನ್ನೇ ನುಂಗುತ್ತಿದ್ದ. ವೀರರು ಅವನನ್ನು ಕೊಲ್ಲುತ್ತಿದ್ದರು. ಕೊನೆಯ ಹಾಳೆಯ ಕೆಳಗೆ 'ಮುಂದುವರಿಯುವುದು' ಎಂದಿರುತ್ತಿತ್ತು. ಮುಂದಿನ ಸಂಪುಟದಲ್ಲಿ ಅವನು ಮತ್ತೆ ಎದ್ದು ಕೂತಿರುತ್ತಿದ್ದ.

ಈ ಸಂಪುಟಗಳನ್ನು ತಂದುಕೊಡುತ್ತಿದ್ದವಳು ಹಡಗಿನ ಒಡತಿ ಕಡಲಜ್ಜಿ. ಮೊದಲ ಸಂಪುಟ ಕೊಡುವಾಗಲೇ ಅವಳು ಬೆರಳೆತ್ತಿ ಎಚ್ಚರಿಸಿದ್ದಳು.

"ನೋಡ್ರಪ್ಪಾ, ಇದು ಮಾಯದ ಪುಸ್ತಕ. ಇಬ್ಬರು ಕೂತು ಓದೋದಾದ್ರೆ ಇಬ್ಬರೂ ಹೂಂ ಅಂದ ಮೇಲೇನೇ ಹಾಳೆ ತಿರುವಬೇಕು. ಒಬ್ಬರನ್ನ ಬಿಟ್ಟು ಇನ್ನೊಬ್ಬರು ಮುಂದಕ್ಕೆ ಹಾರಿದ್ರೆ, ಹಿಂದೆ ಉಳಿದವರು ಮಸಿರಾಯನ ಪಾಲು."

ಅಯ್ಯೋ, ಈ ಹೂಂ ಎಂಬುದೇ ಮಕರಂದನಿಗೆ ದೊಡ್ಡ ಕಾಟ. ಅವನು ಕಣ್ಣು ಮಿಟುಕಿಸುವುದರಲ್ಲಿ ಹಾಳೆ ಮುಗಿಸಿ ಕಾಲು ಕುಣಿಸುತ್ತ ಕೂರುತ್ತಿದ್ದ. ಮಂದಾರೆಯೋ, ಚಿತ್ರದ ಮೂಲೆಯಲ್ಲಿ ಬಿದ್ದ ಚಪ್ಪಲಿಯನ್ನೂ ಬಿಡದೆ ನೋಡುತ್ತಿದ್ದಳು. ಅದು ಸಾಲದೆಂಬಂತೆ ಎರಡು ಚಿತ್ರಚೌಕಗಳ ನಡುವಿನ ಬಿಳಿಯ ಸಂದಿಯ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು:

"ಈ ಚೌಕದಲ್ಲಿ ಮುದುಕ ಬಾಗಿಲು ತೆರೀತಿದ್ದಾನೆ. ಮುಂದಿನದರಲ್ಲಿ ಅಳ್ತಿದ್ದಾನೆ. ನಡುವೆ ಏನಾಯ್ತೋ ಮಕರಂದ?"

"ಏನೂ ಆಗಿಲ್ಲ ಅಕ್ಕ. ಅದು ಬರೀ ಬಿಳಿ ಓಣಿ. ಅಲ್ಲಿ ಏನೂ ಬರೆದಿಲ್ಲ. ಹೂಂ ಅನ್ನು, ತಿರುವೋಣ."

"ಬರೆದಿಲ್ಲ ಅಂತಾನೇ ಅದು ನಮ್ಮದು ಕಣೋ. ಅಲ್ಲಿ ನಾವು ಹೇಳಿದ್ದೇ ಆಗೋದು."

ಮೂರನೆಯ ಸಂಪುಟ ಬಂದ ದಿನ ಬೆಳಿಗ್ಗೆ ಇಬ್ಬರೂ ಅರಮನೆಯ ಜಗಲಿಯಲ್ಲಿ ಕೂತರು. ಪುಸ್ತಕದಿಂದ ಹಸಿ ಮಸಿಯ ವಾಸನೆ ಬರುತ್ತಿತ್ತು. ಎರಡನೆಯ ಹಾಳೆಗೇ ಮಂದಾರೆ ನಿಂತುಬಿಟ್ಟಳು. ಕಾದು ಕಾದು ಮಕರಂದನ ತಾಳ್ಮೆ ಕೆಟ್ಟಿತು. ಮಸಿರಾಯ ಈ ಸಲವಾದರೂ ಸಾಯುತ್ತಾನೋ ಇಲ್ಲವೋ ಎಂದು ಕೊನೆಯ ಹಾಳೆಯ ತುದಿಯನ್ನು ಮೆಲ್ಲಗೆ ಎತ್ತಿ ಇಣುಕಿದ.

ಆ ಕ್ಷಣವೇ ಎರಡನೆಯ ಹಾಳೆಯಿಂದ ಕಪ್ಪನೆಯ ಕೈಯೊಂದು ಚಾಚಿ ಮಂದಾರೆಯ ಜಡೆ ಹಿಡಿದು ಒಳಕ್ಕೆ ಎಳೆದುಕೊಂಡಿತು. ಪುಸ್ತಕ ಫಟ್ಟನೆ ಮುಚ್ಚಿ ಕಲ್ಲಾಯಿತು. ಮಕರಂದ ಉಗುರಿನಿಂದ ಕೆರೆದ, ಕತ್ತಿಯಿಂದ ಹೊಡೆದ. ಪುಸ್ತಕ ಅಲ್ಲಾಡಲಿಲ್ಲ. ಅವನು ಅದನ್ನು ಎದೆಗವುಚಿಕೊಂಡು ಅಳುತ್ತ ಬಂದರಿಗೆ ಓಡಿದ.

"ಅಜ್ಜೀ, ತಪ್ಪು ನಂದು! ನನ್ನನ್ನ ತಗೊಂಡು ಅಕ್ಕನ್ನ ಬಿಡೋಕೆ ಹೇಳಜ್ಜಿ!"

ಕಡಲಜ್ಜಿ ಪುಸ್ತಕವನ್ನು ಮೂಸಿ ನೋಡಿದಳು. "ಮಸಿ ಇನ್ನೂ ಹಸಿ ಇದೆ. ಹೊತ್ತು ಮುಳುಗೋ ಹೊತ್ತಿಗೆ ಒಣಗುತ್ತೆ. ಒಣಗಿತು ಅಂದ್ರೆ ನಿಮ್ಮಕ್ಕ ಶಾಶ್ವತವಾಗಿ ಚಿತ್ರ. ಅಷ್ಟರೊಳಗೆ ನೀನೇ ಒಳಗೆ ಹೋಗಿ ಕರ್ಕೊಂಡು ಬರಬೇಕು. ಹಾರಿದ್ದಕ್ಕೇ ಹೀಗಾಗಿದ್ದು ಮಗಾ, ಇನ್ನು ಹಾರೋಹಾಗಿಲ್ಲ. ಮೊದಲನೇ ಸಂಪುಟದಿಂದ ಶುರು ಮಾಡು."

ಮಕರಂದ ಅರಮನೆಗೆ ಓಡಿಹೋಗಿ, ಮೂರೂ ಸಂಪುಟಗಳನ್ನು ಸಾಲಾಗಿಟ್ಟು, ಮೊದಲನೆಯದನ್ನು ಬಲಗಡೆಯಿಂದ ತೆರೆದು ಅದರ ಮೇಲೆ ಅಂಗೈ ಇಟ್ಟ. ಹಾಳೆ ಅವನನ್ನು ಒಳಗೆ ಸೆಳೆದುಕೊಂಡಿತು.

ಒಳಗೆ ಬಣ್ಣವೇ ಇರಲಿಲ್ಲ. ಆಕಾಶ ಬಿಳಿ, ಮರ ಕಪ್ಪು, ಅವನ ಕೈಯೂ ಬರೀ ಗೆರೆ. ಬಾಯಿ ತೆರೆದರೆ ಮಾತು ತಲೆಯ ಮೇಲೆ ಗುಳ್ಳೆಯಾಗಿ ತೂಗುತ್ತಿತ್ತು. ಸೇತುವೆಯ ಬಳಿ ಮನೆಯಷ್ಟು ದೊಡ್ಡ ತೋಳವೊಂದು ಅಡ್ಡ ನಿಂತಿತ್ತು. ಅದು ಗರ್ರ್ ಎಂದರೆ ಆ ಅಕ್ಷರಗಳೇ ಬಂಡೆಗಳಾಗಿ ಧಡಧಡ ಉದುರುತ್ತಿದ್ದವು. ಒಂದು ಅಕ್ಷರ ಮಕರಂದನ ಕಾಲ ಪಕ್ಕದಲ್ಲೇ ಬಿದ್ದು ನೆಲ ಸೀಳಿತು.

ಅವನು ಕತ್ತಿ ಹಿರಿದು ಮುನ್ನುಗ್ಗಬೇಕೆಂದುಕೊಂಡ. ಆದರೆ ಇದೇ ಹಾಳೆಯನ್ನು ಓದುವಾಗ ಅಕ್ಕ ಚಿತ್ರದ ಮೂಲೆಗೆ ಬೆರಳಿಟ್ಟು ಏನೋ ಹೇಳಲು ಬಂದದ್ದು, ತಾನು ಕೇಳದೆ ಹಾಳೆ ತಿರುವಲು ಅವಸರ ಮಾಡಿದ್ದು ನೆನಪಾಯಿತು. ಅವನು ಮೊದಲ ಬಾರಿಗೆ ನಿಂತು ಮೂಲೆಯನ್ನು ನೋಡಿದ. ತೋಳದ ನೆರಳು ಅಲ್ಲಿ ಬಿದ್ದಿತ್ತು. ನೆರಳಿಗೆ ಚಿಕ್ಕ ಚಿಕ್ಕ ಎರಡು ಕೊಂಬು, ಮೋಟು ಬಾಲ, ಗಲ್ಲದಡಿ ಪುಟ್ಟ ಗಡ್ಡ.

ಮಕರಂದ ಕತ್ತಿ ಒರೆಗೆ ಸೇರಿಸಿ, ಒಂದು ಹಿಡಿ ಹುಲ್ಲು ಕಿತ್ತು ಚಾಚಿದ. "ಬಾ ಮರಿ, ಬಾ ಬಾ. ಹಸಿವಾಗಿದೆಯಾ?"

ತೋಳ ಬಾಯಿ ಮುಚ್ಚಿತು. ಮೂಸಿತು. ಮ್ಯಾ ಎಂದಿತು. ಮೈಗೆ ಬಳಿದ ಮಸಿ ಕಳಚಿ ಬಿದ್ದು, ಒಳಗಿನಿಂದ ಒಂದು ಆಡಿನ ಮರಿ ಹೊರಬಂದು ಹುಲ್ಲು ಮೇಯತೊಡಗಿತು. ಮರಿ ಅವನ ಬೆನ್ನು ಬಿಡಲಿಲ್ಲ. ಇಬ್ಬರೂ ಸೇತುವೆ ದಾಟಿ, ಕೊನೆಯ ಹಾಳೆಯಿಂದ ಎರಡನೆಯ ಸಂಪುಟಕ್ಕೆ ಕಾಲಿಟ್ಟರು.

ಎರಡನೆಯ ಸಂಪುಟ ಸುರುಳಿ. ಅಲ್ಲಿ ಕಾಲಿಡಲು ನೆಲವೇ ಇರಲಿಲ್ಲ. ಮಕರಂದ ಮರಿಯನ್ನು ಕಂಕುಳಲ್ಲಿ ಹಿಡಿದು ಕೆಳಗೆ, ಇನ್ನೂ ಕೆಳಗೆ ಬೀಳತೊಡಗಿದ. ಇಕ್ಕೆಲದ ಕೋಟೆಗೋಡೆಗಳಿಂದ ಮಸಿಯ ಬಿಲ್ಲಾಳುಗಳು ಬಾಣ ಬಿಟ್ಟರು. "ಬೇಗ, ಬೇಗ! ನೆಲ ಎಲ್ಲಿ?" ಎಂದು ಅವನು ಕೂಗಿದಷ್ಟೂ ಸುರುಳಿ ಉದ್ದವಾಗುತ್ತ ಹೋಯಿತು. ಒಂದು ಬಾಣ ಭುಜ ತರಚಿತು.

ಮನೆಯಲ್ಲಿ ಇದೇ ಸುರುಳಿಯನ್ನು ಅವನು ಸರ್ರನೆ ಎಳೆದು ಬಿಚ್ಚಿದ್ದ. ಅಕ್ಕ ಅವನ ಕೈಗೆ ಒಂದು ಏಟು ಕೊಟ್ಟು, ಮತ್ತೆ ಸುತ್ತಿ, ಗೇಣು ಗೇಣಾಗಿ ಬಿಚ್ಚಿದ್ದಳು. ಅದು ನೆನಪಾದದ್ದೇ ತಡ, ಮಕರಂದ ಕೂಗುವುದನ್ನು ನಿಲ್ಲಿಸಿದ. ಎದುರಿಗೆ ಬಂದ ಚಿತ್ರವನ್ನು ಪೂರ್ತಿ ನೋಡಿ ಹೂಂ ಎಂದ. ಬೀಳುವ ವೇಗ ತಗ್ಗಿತು. ಮುಂದಿನದನ್ನು ನೋಡಿ ಹೂಂ ಎಂದ. ಇನ್ನೂ ತಗ್ಗಿತು. ಆಗ ಚಿತ್ರವೇ ಇಲ್ಲದ ಉದ್ದನೆಯ ಬಿಳಿಯ ಜಾಗವೊಂದು ಬಂತು. ಹಿಂದೆಯೇ ಬಂದ ಬಾಣಗಳು ಅದರೊಳಗೆ ನುಗ್ಗಿದೊಡನೆ ಗಾಳಿಯಲ್ಲಿ ನಿಂತುಬಿಟ್ಟವು. ಮಕರಂದ ಅವನ್ನೂ ಕಣ್ತುಂಬ ನೋಡಿದ. ಬಿಳಿಯಲ್ಲಿ ಮಸಿಯ ಆಟ ನಡೆಯುವುದಿಲ್ಲ ಎಂಬುದು ಅವನಿಗೆ ಆಗ ಅರ್ಥವಾಯಿತು.

ಅವನು ಮತ್ತೆ ಹೂಂ ಎಂದಾಗ ನೆಲ ತಾನಾಗಿ ಬಂದು ಪಾದಕ್ಕೆ ತಾಗಿತು. ಎದುರಿಗೆ ಮೂರನೆಯ ಸಂಪುಟದ ಬಾಗಿಲು ತೆರೆದಿತ್ತು.

ಒಂದು ಹಾಳೆಯನ್ನೂ ಹಾರದೆ ಮಕರಂದ ಮೂರನೆಯ ಸಂಪುಟದ ಕೊನೆಯ ಹಾಳೆಗೆ ಬಂದ. ಅಲ್ಲಿ ಎರಡೇ ಚೌಕ. ಬಲಗಡೆಯ ಚೌಕದಲ್ಲಿ ಮಸಿರಾಯ ಸಿಂಹಾಸನದ ಮೇಲೆ ಕೂತಿದ್ದ, ಅವನ ಕಾಲ ಬಳಿ ತೆರೆದ ಮಸಿಕುಡಿಕೆ. ಪಕ್ಕದಲ್ಲಿ ಮಂದಾರೆ ಕಂಬದಂತೆ ನಿಂತಿದ್ದಳು. ಪಾದದಿಂದ ಕತ್ತಿನವರೆಗೂ ಅವಳ ಮೈಯ ಮಸಿ ಒಣಗಿಹೋಗಿತ್ತು. ಮುಖ ಮಾತ್ರ ಇನ್ನೂ ಹಸಿ. ಅಕ್ಕನನ್ನು ಹಾಗೆ ಕಂಡು ಮಕರಂದನಿಗೆ ಅಳು ಉಕ್ಕಿ ಬಂತು.

"ಅಕ್ಕಾ!"

"ಬಂದ್ಯೇನೋ?" ಎಂದಳು ಮಂದಾರೆ. "ಊಟ ಮಾಡಿದ್ಯಾ?"

ಮಸಿರಾಯ ಹೊಟ್ಟೆ ಹಿಡಿದು ನಕ್ಕ. ನಗುವಿನ ಅಕ್ಷರಗಳು ಸಭೆಯ ತುಂಬ ಉರುಳಿದವು. "ಎಲವೋ ಪೋರ! ನನ್ನನ್ನು ಕೊಲ್ಲಲು ಬಂದೆಯಾ? ಕೊಲ್ಲು! ಪ್ರತಿ ಸಂಪುಟದಲ್ಲೂ ನನ್ನನ್ನು ಒಬ್ಬ ವೀರ ಕೊಂದಿದ್ದಾನೆ. ಕೊನೆಯ ಹಾಳೆಯ ಕೆಳಗೆ ಏನಿದೆ, ಓದು."

ಮಕರಂದ ನೋಡಿದ. ಅಲ್ಲಿ 'ಮುಂದುವರಿಯುವುದು' ಎಂದಿತ್ತು.

"ನಾನು ಎಷ್ಟು ಸಲ ಸತ್ತರೂ ಮುಂದುವರಿಯುತ್ತೇನೆ. ನಿನ್ನ ಗತಿ ನೋಡಿಕೋ, ಪಕ್ಕದ ಚೌಕದಲ್ಲಿ ಆಗಲೇ ಬರೆದಾಗಿದೆ."

ಎಡಗಡೆಯ ಚೌಕದಲ್ಲಿ ಒಂದು ರುಂಡ ತೆಳುಗೆರೆಯಲ್ಲಿ ಬಿದ್ದಿತ್ತು. ಮೂಗು ಥೇಟ್ ಮಕರಂದನದೇ. ಆದರೂ ಅವನು ಓಡಲಿಲ್ಲ. ಆಡಿನ ಮರಿಯನ್ನು ಕೆಳಗಿಳಿಸಿ, ಬಿಳಿಯ ಓಣಿಯನ್ನು ದಾಟಿ, ತಾನಾಗಿಯೇ ಎಡಗಡೆಯ ಚೌಕಕ್ಕೆ ಹೋಗಿ ಆ ಗೆರೆಗಳ ಮೇಲೆ ನಿಂತ.

"ತಲೆ ಬೇಕಾ? ಬಾ, ಬಂದು ತಗೋ."

ಮಸಿರಾಯ ಕತ್ತಿ ಎತ್ತಿ ಅಬ್ಬರಿಸುತ್ತ ಹಾರಿದ. ಒಂದು ಕಾಲು ಬಲಗಡೆಯ ಚೌಕದಿಂದ ಹೊರಬಂತು, ಇನ್ನೊಂದು ಎಡಗಡೆಯ ಚೌಕವನ್ನು ಇನ್ನೂ ಮುಟ್ಟಿರಲಿಲ್ಲ. ಬಾಣಗಳು ನಿಂತ ಹಾಗೆಯೇ ಅವನೂ ಬಿಳಿಯ ಓಣಿಯ ನಡುವೆ ನಿಂತುಬಿಟ್ಟ. ಕೈಗಳು ಮಾತ್ರ ಮಕರಂದನ ಚೌಕದೊಳಕ್ಕೆ ಚಾಚಿದ್ದವು, ಕತ್ತಿ ಅವನ ಹಣೆಯಿಂದ ಗೇಣು ದೂರದಲ್ಲಿತ್ತು. ಒಂದು ಉಸಿರಿನಷ್ಟು ತಡವಾದರೂ ಅದು ಕೆಳಗಿಳಿಯುವಂತಿತ್ತು.

"ಅಕ್ಕಾ," ಎಂದ ಮಕರಂದ, "ಆ ಚೌಕದಲ್ಲಿ ಇವನು ಕತ್ತಿ ಎತ್ತಿದ್ದಾನೆ. ಈ ಚೌಕದಲ್ಲಿ ನಾನಿದ್ದೀನಿ. ನಡುವೆ ಏನಾಯ್ತು?"

ತಮ್ಮ ಅದನ್ನು ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಮಂದಾರೆಯ ಮುಖ ಅರಳಿತು.

"ನಡುವೆ ಅವನಿಗೆ ಆ ಕತ್ತಿ ಭಾರ ಆಯ್ತು," ಎಂದಳು.

"ಹೂಂ," ಎಂದ ಮಕರಂದ.

ಕತ್ತಿ ಬಗ್ಗಿತು. ಹನಿ ಹನಿಯಾಗಿ ಸೋರಿ ಹೋಯಿತು. ಮಸಿರಾಯ ಕಣ್ಣು ಕಣ್ಣು ಬಿಟ್ಟು, ಎರಡೂ ಕೈ ಚಾಚಿ ಮಕರಂದನ ಕುತ್ತಿಗೆಯನ್ನೇ ಹಿಡಿದ. ಒಣಗಿದ ಮಸಿ ಮಂದಾರೆಯ ಗಲ್ಲಕ್ಕೆ ಏರಿತು.

"ಪ್ರತಿ ಸಂಪುಟದಲ್ಲೂ ಸಾಯೋದು, ಏಳೋದು, ಸಾಯೋದು, ಏಳೋದು. ಒಂದು ದಿನವಾದ್ರೂ ನಿದ್ದೆ ಮಾಡಿಲ್ಲ ಅಂತ ಅವನಿಗೆ ನೆನಪಾಯ್ತು," ಎಂದಳು ಅವಳು.

"ಹೂಂ," ಎಂದ ಮಕರಂದ ಕಟ್ಟಿದ ಗಂಟಲಲ್ಲಿ.

ಮಸಿರಾಯನ ಬಾಯಿ ತಾನಾಗಿ ತೆರೆದು ದೊಡ್ಡ ಆಕಳಿಕೆ ಬಂತು. ಕೈಹಿಡಿತ ಸಡಿಲವಾಯಿತು, ಆದರೆ ಬಿಡಲಿಲ್ಲ. ಮಸಿ ಮಂದಾರೆಯ ಕೆಳತುಟಿಗೆ ಬಂತು. ಅವಳು ಮಾತು ನಿಲ್ಲಿಸಿ ಯೋಚಿಸುತ್ತ ನಿಂತಳು, ಎರಡನೆಯ ಹಾಳೆಯಲ್ಲಿ ನಿಂತಿದ್ದ ಹಾಗೆಯೇ.

ಮಕರಂದನ ನಾಲಿಗೆಯ ತುದಿಯಲ್ಲಿ ಒಂದು ಮಾತು ಕುಣಿಯುತ್ತಿತ್ತು. ಸತ್ತ! ಅಷ್ಟೆ ಹೇಳಿದರೆ ಮುಗಿಯಿತು. ಮಸಿರಾಯನೂ ಅದನ್ನೇ ಪಿಸುಗುಟ್ಟಿದ: "ಹೇಳು ರಾಜಕುಮಾರ. ಸತ್ತ ಅಂತ ಹೇಳು. ಅವಳಿಗೆ ಇನ್ನು ಸಮಯವಿಲ್ಲ." ಆದರೆ ಸತ್ತರೆ ಅವನು ಮತ್ತೆ ಮುಂದುವರಿಯುತ್ತಾನೆ. ಅಕ್ಕನನ್ನು ಬಿಟ್ಟು ಹಾರಿದರೆ ಅಕ್ಕ ಮತ್ತೆ ಅವನ ಪಾಲಾಗುತ್ತಾಳೆ. ಮಕರಂದ ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಅಕ್ಕನ ಕಣ್ಣನ್ನೇ ನೋಡುತ್ತ ಕಾದ.

"ಅವನು ಬಂದಲ್ಲಿಗೇ ವಾಪಸ್ ಹೋದ," ಎಂದಳು ಮಂದಾರೆ ಮೆಲ್ಲಗೆ. "ಮಸಿಕುಡಿಕೆ ಒಳಗೆ. ಹೋಗಿ ಮಲಗಿದ."

"ಹೂಂ!" ಎಂದು ಮಕರಂದ ಕೂಗಿದ ಕೂಗಿಗೆ ಹಾಳೆಯೇ ನಡುಗಿತು.

ಮಸಿರಾಯ ತಲೆಯಿಂದ ಕಾಲಿನವರೆಗೂ ಕರಗಿ, ತೊರೆಯಾಗಿ ಹರಿದು, ಗುಳುಗುಳು ಎಂದು ಕುಡಿಕೆಯೊಳಗೆ ಇಳಿದ. ಆಡಿನ ಮರಿ ಓಡಿಬಂದು ತಲೆಯಿಂದ ಗುಮ್ಮಿ ಮುಚ್ಚಳ ಹಾಕಿತು. ಒಳಗಿನಿಂದ ಗೊರಕೆ ಕೇಳಿಸಿತು. ಮಂದಾರೆಯ ಮೈಮೇಲಿನ ಮಸಿ ಸಿಪ್ಪೆಯಂತೆ ಕಳಚಿ ಬಿತ್ತು. ಮಕರಂದ ಓಡಿ ಹೋಗಿ ಅವಳನ್ನು ಅಪ್ಪಿಕೊಂಡು ಮನಸಾರೆ ಅತ್ತ.

"ತಪ್ಪಾಯ್ತು ಅಕ್ಕ. ನಿನ್ನ ಬಿಟ್ಟು ಹೋಗಬಾರದಿತ್ತು."

"ಕಾದ್ಯಲ್ಲೋ, ಅಷ್ಟು ಸಾಕು," ಎಂದು ಅವಳು ಅವನ ಕಣ್ಣೊರೆಸಿದಳು. ಆಮೇಲೆ ಬಗ್ಗಿ, ಕೊನೆಯ ಹಾಳೆಯ ಕೆಳಗಿನ 'ಮುಂದುವರಿಯುವುದು' ಎಂಬುದನ್ನು ಸೆರಗಿನಿಂದ ಗಸಗಸ ಉಜ್ಜಿ ಅಳಿಸಿದಳು. ಮುಚ್ಚಳದ ಅಂಚಿಗೆ ಅಂಟಿದ್ದ ಒಂದು ಹನಿ ಮಸಿಯನ್ನು ಬೆರಳಿಗೆ ತೆಗೆದುಕೊಂಡು ಅಲ್ಲಿ 'ಮುಗಿಯಿತು' ಎಂದು ಬರೆದಳು.

ಅವಳು ಬರೆದು ಮುಗಿಸಿದ್ದೇ ತಡ, ಮೂರೂ ಸಂಪುಟಗಳ ಬಾಗಿಲುಗಳು ತೆರೆದವು. ಮಸಿರಾಯ ನುಂಗಿದ್ದ ಊರುಗಳು ಎದ್ದು ನಿಂತವು. ಬಿಲ್ಲಾಳುಗಳ ಮೈಯಿಂದ ಮಸಿ ಇಳಿದು, ಒಳಗಿನಿಂದ ಕುಂಬಾರರು, ಮೀನುಗಾರರು, ಮದುವೆಗೆ ಹೊರಟಿದ್ದ ದಿಬ್ಬಣದವರು ಹೊರಬಂದರು. ತನ್ನ ಮನೆಯವರು ಬರುವುದನ್ನು ಕಂಡು ಬಾಗಿಲು ತೆರೆದ ಆ ಚಿತ್ರದ ಮುದುಕ ಸಂತೋಷಕ್ಕೆ ಅಳುತ್ತಿದ್ದ. ಅವರನ್ನೆಲ್ಲ ಕರೆದುಕೊಂಡು, ಮಸಿಕುಡಿಕೆಯನ್ನೂ ಎತ್ತಿಕೊಂಡು ಅಕ್ಕ ತಮ್ಮ ಹಾಳೆಯಿಂದ ಹೊರಗೆ ಜಿಗಿದಾಗ ಸೂರ್ಯ ಇನ್ನೂ ಪಡುವಣ ಬೆಟ್ಟದಿಂದ ಒಂದು ಮಾರು ಮೇಲಿದ್ದ. ಸಂಪಂಗಿನಾಡಿನ ಕೆಂಪು, ಹಸಿರು, ಹಳದಿ ಒಮ್ಮೆಗೇ ಕಣ್ಣಿಗೆ ಬಿದ್ದು ಎಲ್ಲರೂ ಹೋ ಎಂದು ಕೂಗಿದರು. ರಾಜ ಧವಳಕೀರ್ತಿ ಕಿರೀಟ ಬಿದ್ದದ್ದೂ ತಿಳಿಯದೆ ಓಡಿಬಂದು ಮಕ್ಕಳನ್ನು ತಬ್ಬಿಕೊಂಡ. ನಗಾರಿ ಮೊಳಗಿತು, ಊರಿಗೆಲ್ಲ ಹೋಳಿಗೆ ಊಟವಾಯಿತು. ಕಡಲಜ್ಜಿ ಎಲೆಯ ಮುಂದೆ ಕೂತವಳು ಬೇಗ ಏಳಲಿಲ್ಲ. ಮಸಿಕುಡಿಕೆಯನ್ನು ಅವಳೇ ಕೊಂಡೊಯ್ದು ನಡುಕಡಲಲ್ಲಿ ಇಳಿಬಿಟ್ಟಳು. ಮಸಿರಾಯ ಅಲ್ಲಿ ಹಾಯಾಗಿ ಮಲಗಿದ್ದಾನೆ, ಯಾರಿಗೂ ಅವನ ಕಾಟವಿಲ್ಲ.

ಮರುವರ್ಷ ಹಡಗು ಬೇರೊಂದು ಕತೆಯನ್ನು ಹೊತ್ತು ತಂದಿತು. ಈ ಸಲ ಜಗಲಿಯ ತುಂಬ ಜನ. ರಾಜನೂ ಬಂದ, ಬಿಡುಗಡೆಯಾದ ಊರವರೂ ಬಂದರು, ಯಾವ ಕಡೆಯಿಂದ ತೆರೆಯಬೇಕೆಂದು ಕೊನೆಗೂ ಕೇಳಿ ತಿಳಿದುಕೊಂಡ ಮಂತ್ರಿಯೂ ಬಂದ. ಮೊದಲ ಹಾಳೆಗೇ ಮಂದಾರೆ ಒಂದು ಮೂಲೆಯನ್ನು ನೋಡುತ್ತ ನಿಂತುಬಿಟ್ಟಳು. ಮಂತ್ರಿ ಕೆಮ್ಮಿದ. ರಾಜ ಕಾಲು ಬದಲಿಸಿದ. ಆಡಿನ ಮರಿ ಹಾಳೆಯ ಅಂಚನ್ನು ಮೆಲ್ಲಲು ಬಂದಾಗ ಮಕರಂದ ಅದರ ಮೂಗನ್ನು ಮೆಲ್ಲಗೆ ಆಚೆ ತಳ್ಳಿದ. ಅವನ ಬೆರಳು ಹಾಳೆಯ ತುದಿಯಲ್ಲಿತ್ತು, ಕಣ್ಣು ಅಕ್ಕನ ಮುಖದ ಮೇಲಿತ್ತು.

ಬಹಳ ಹೊತ್ತಾದ ಮೇಲೆ ಮಂದಾರೆ ಹೂಂ ಎಂದಳು. ಮಕರಂದನೂ ಹೂಂ ಎಂದ, ಆಮೇಲೆ ಹಾಳೆ ತಿರುವಿದ. ಹೀಗೆ ಅವರು ಒಬ್ಬರಿಗೊಬ್ಬರು ಕಾಯುತ್ತ, ಓದುತ್ತ, ನಗುತ್ತ ಸಂಪಂಗಿನಾಡಿನಲ್ಲಿ ಸುಖವಾಗಿದ್ದರು.