ಅರ್ಧ ಸುತ್ತು ಸಡಿಲ

ಸತ್ತಾರ ಎಸಿಗೆ ಹೋಸ್ ಹಾಕಿದ ಕಾರಿನಲ್ಲಿ ಕೊಪ್ಪದಿಂದ ಒಂದು ಕ್ಯಾನ್ ಹಾಲು ಹೊರಟರೆ, ನರಸಿಂಹರಾಜಪುರದಲ್ಲಿ ಅದನ್ನು ಕೊಡಲಿಯಿಂದ ಒಡೆದು ಮಾರಬೇಕು. ಡ್ರೈವರನ ಹಿಮಗಟ್ಟಿದ ಮೀಸೆ ಮುರಿಯದಂತೆ ಬಡಗಿ ಬಂದು ಬಿಡಿಸಬೇಕು. ಇದನ್ನು ಊರಿಗೆಲ್ಲ ಸಾರಿದವನು ಸತ್ತಾರನೇ. ನಂಬಿದವರಿಲ್ಲ. ಹಬೀಬಾ ಮಾತ್ರ ನಂಬಿದವಳಂತೆ ಕಣ್ಣರಳಿಸುತ್ತಿದ್ದಳು. ಅವನಿಗೆ ಅಷ್ಟು ಸಾಕಿತ್ತು.

ಎಂಬತ್ನಾಲ್ಕರ ಬೇಸಿಗೆ. ಅವಳ ತಂದೆ, ಬಾಳಗಡಿಯ ಬಟ್ಟೆ ವ್ಯಾಪಾರಿ ಅಬ್ದುಲ್ ರಹಮಾನ್ ಸಾಹೇಬರು, ಹಳೆಯ ಫಾರಿನ್ ಕಾರು ಕೊಂಡಿದ್ದರು. ಎಸಿ ಇತ್ತು, ತಂಪಿರಲಿಲ್ಲ. ಗ್ಯಾಸ್ ಹರಿಯುವ ರಬ್ಬರ್ ಹೋಸುಗಳು ಬಿರುಕು ಬಿಟ್ಟಿದ್ದವು. ಹೊಸದು ಬೊಂಬಾಯಿಯಲ್ಲೂ ಸಿಗಲಿಲ್ಲ. ನಾನೇ ಮಾಡ್ತೀನಿ ಎಂದ ಮೆಕ್ಯಾನಿಕ್ ಸತ್ತಾರ.

ಮಾಡಿದ ಕೂಡ. ಹಳೆಯ ಹೋಸಿನ ಉದ್ದವನ್ನು ದಾರದಲ್ಲಿ ಅಳೆದು, ಶಿವಮೊಗ್ಗದಿಂದ ತಂದ ದಪ್ಪ ರಬ್ಬರ್ ಕೊಯ್ದು, ಹಿತ್ತಾಳೆ ತುದಿ ತೂರಿಸಿ, ಸುತ್ತ ಕ್ಲಾಂಪ್ ಪಟ್ಟಿ ಹಾಕಿ ಸ್ಕ್ರೂ ಬಿಗಿದ. ಎಲ್ಲ ಸಾಹೇಬರ ಅಂಗಳದಲ್ಲೇ. ಗ್ಯಾಸ್ ತುಂಬಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ. ನೊರೆಯ ಮಗ್ಗು ಹಿಡಿಯುವವಳು ಹಬೀಬಾ. ಬಾನೆಟ್ ಕೆಳಗೆ ಇಬ್ಬರ ತಲೆಯೂ ಬಗ್ಗುತ್ತಿತ್ತು. ಅವಳ ಉಸಿರಿಗೆ ನೊರೆ ನಡುಗಿದರೆ ಅವನಿಗೆ ಕುದುರೆಮುಖವೇ ಅಲುಗಿದಂತಾಗುತ್ತಿತ್ತು.

ಆದರೆ ವಾರ ಕಳೆಯುವಷ್ಟರಲ್ಲಿ ತಂಪು ಮಾಯ. ಮತ್ತೆ ಸತ್ತಾರನಿಗೆ ಕರೆ. ಒಮ್ಮೆ ಭಂಡಿಗಡಿ ರಸ್ತೆಯ ಗುಂಡಿಗಳನ್ನು ಬೈದ, ಒಮ್ಮೆ ಇಲಿ ಕಡಿಯಿತೆಂದ. ಆ ಇಲಿ ಕರುವಿನಷ್ಟಿತ್ತಂತೆ.

ಒಂಬತ್ತನೇ ವಾರ ಹಬೀಬಾ ಮಗ್ಗು ತರಲಿಲ್ಲ. ಕೈಯಲ್ಲಿ ಉಗುರುಬಣ್ಣದ ಸೀಸೆಯಿತ್ತು.

"ಹೋದ ಸಲ ನೀನು ಬಿಗಿದು ಕೈ ತೊಳೆಯೋಕೆ ಹೋದಾಗ ಸ್ಕ್ರೂಗೂ ಕ್ಲಾಂಪಿಗೂ ಸೇರಿಸಿ ಒಂದು ಗೆರೆ ಎಳೆದಿದ್ದೆ. ನೋಡು."

ಕೆಂಪು ಗೆರೆ ತುಂಡಾಗಿತ್ತು. ಸ್ಕ್ರೂ ಸಡಿಲವಾಗಿತ್ತು, ಸರಿಯಾಗಿ ಅರ್ಧ ಸುತ್ತು. ಹೊರಡುವಾಗ ಅವನ ಕೈ ಸ್ಕ್ರೂ ಮೇಲಿರುತ್ತಿತ್ತು, ಕಣ್ಣು ಅವಳ ಮೇಲೆ; ಗೆರೆ ಕಾಣುವುದಾದರೂ ಹೇಗೆ?

ಅವನು ಇಲಿಯ ಮಾತೆತ್ತಿದ.

"ಇಲಿ ಸ್ಕ್ರೂಡ್ರೈವರ್ ಹಿಡಿದಿತ್ತಾ ಮಾರಾಯ?"

"ನಾನೇ" ಎಂದ. "ಸರಿಯಾಗಿಬಿಟ್ರೆ ಈ ಅಂಗಳಕ್ಕೆ ಬರೋಕೆ ಬೇರೆ ನೆಪ ಇರಲಿಲ್ಲ."

ಅವಳು ನಗಲಿಲ್ಲ. ಮೊದಲ ವಾರವೇ ಅಬ್ಬಾನ ಹತ್ತಿರ ಅವನ ಹೆಸರು ಹೇಳಿದ್ದಳಂತೆ. ಆ ಹುಡುಗನ ಹೋಸು ಒಂದು ತಿಂಗಳು ನಿಲ್ಲಲಿ, ಆಮೇಲೆ ಮಾತಾಡೋಣ ಎಂದಿದ್ದರಂತೆ ಅವರು. ನಿನ್ನೆ ನರಸಿಂಹರಾಜಪುರದ ಗಂಡಿನ ಕಡೆಯವರಿಗೆ ಮಾತು ಕೊಟ್ಟಾಗಿತ್ತು.

"ರಬ್ಬರ್ ತುಂಡು ನಿಲ್ಲಿಸಲಾರದವನು ಸಂಸಾರ ನಿಲ್ಲಿಸ್ತಾನಾ ಅಂದ್ರು. ನಾನು ಎರಡು ತಿಂಗಳು ದುವಾ ಮಾಡಿದೆ ಸತ್ತಾರ್, ಸೋರದಿರಲಿ ಅಂತ."

ಈಗಲೇ ಹೋಗಿ ಸಾಹೇಬರಿಗೆ ನಿಜ ಹೇಳುತ್ತೇನೆಂದು ಅವನು ಎದ್ದ.

"ನಿನ್ನ ಮಾತನ್ನ ಯಾರು ನಂಬ್ತಾರೆ?"

ಅವನು ಮತ್ತೆ ಕಾರಿನ ಕಡೆ ತಿರುಗಿದ. ಆಮೇಲೆ ಬಗ್ಗಿ, ಗೆರೆಗೆ ಗೆರೆ ಕೂಡುವವರೆಗೆ ಸ್ಕ್ರೂ ಬಿಗಿದ. ಮದುಮಗಳು ಹೋಗುವುದು ಇದೇ ಕಾರಿನಲ್ಲಿ.

"ನರಸಿಂಹರಾಜಪುರದವರೆಗಾದ್ರೂ ತಂಪಿರುತ್ತಾ?" ಅವಳು ಕೇಳಿದಳು.

ಹಾಲಿನ ಕ್ಯಾನು, ಕೊಡಲಿ, ಮೀಸೆ ಎಲ್ಲ ಬಾಯಿಯವರೆಗೆ ಬಂದವು. ಅವನು ನುಂಗಿಕೊಂಡ.

"ಗೊತ್ತಿಲ್ಲ ಹಬೀಬಾ. ಬಿಗಿದದ್ದನ್ನ ಒಂದು ದಿನವೂ ಹಾಗೇ ಬಿಟ್ಟು ನೋಡಿದವನಲ್ಲ ನಾನು."